ಸಸಿ ಲೆಕ್ಕ ಸಾಕು, ಹಣ್ಣಿನ ರೇಟು ಹೇಳಿ: ಕಾಫಿ ಮಂಡಳಿಗೆ ಕಲಬುರಗಿಯಿಂದ ಒಂದು ಬಹಿರಂಗ ಪತ್ರ

ಕಾಫಿ ಮಂಡಳಿಯ ಮಾನ್ಯ ಅಧ್ಯಕ್ಷರಿಗೆ ಮತ್ತು ಅಧಿಕಾರಿಗಳಿಗೆ,

ಕಲಬುರಗಿಯಿಂದ ನಮಸ್ಕಾರ.

ಕಾಫಿ ಬೆಳೆಯದ ಜಿಲ್ಲೆಯಿಂದ ಕಾಫಿ ಬಗ್ಗೆ ಪತ್ರ ಬಂದಿದೆ ಅಂತ ನಗಬೇಡಿ. ಇಲ್ಲಿ ತೋಟ ಮಾಡಿಸಿಕೊಡಿ ಎಂದು ನಾನು ಕೇಳುತ್ತಿಲ್ಲ. ಅರೇಬಿಕಾ ಜಾತಿಯ ಕಾಫಿಗೆ ಸಾವಿರ ಮೀಟರ್ ಎತ್ತರ ಬೇಕು, ನಾವಿರುವುದು 450 ಮೀಟರ್ ಆಸುಪಾಸಿನಲ್ಲಿ. ಕಾಫಿ ಕೇಳುವ ಮಳೆಯ ಅರ್ಧದಷ್ಟೂ ನಮಗೆ ಬೀಳುವುದು ಕಷ್ಟ. ಮೇ ತಿಂಗಳ ಬಿಸಿಲಿನ ಬಗ್ಗೆ ಹೇಳುವುದೇ ಬೇಡ. ಇದು ತೊಗರಿ, ಜೋಳ, ಕಡಲೆಯ ನೆಲ. ಅದೇ ಸರಿ.

ನಾನು ಬರೆಯುತ್ತಿರುವುದು ಬೇರೆ ಬೆಟ್ಟಗಳ ಬಗ್ಗೆ. ಆಂಧ್ರದ ಅರಕು, ಪಾಡೇರು, ಚಿಂತಪಲ್ಲಿ. ಒಡಿಶಾದ ಕೊರಾಪುಟ್. ಛತ್ತೀಸಗಡದ ಬಸ್ತರ್. ಎಷ್ಟೋ ವರ್ಷ ಒಂದು ಕಡೆ ನಕ್ಸಲರು, ಇನ್ನೊಂದು ಕಡೆ ಪೊಲೀಸರು, ನಡುವೆ ಆದಿವಾಸಿಗಳು ಸಿಕ್ಕಿಕೊಂಡಿದ್ದ ಜಾಗಗಳಿವು. ನಕ್ಸಲ್ ಸಮಸ್ಯೆ ಮುಗಿಸಲು ಕೇಂದ್ರ ಸರ್ಕಾರ 2026ರ ಮಾರ್ಚ್ 31ರ ಗಡುವು ಹಾಕಿಕೊಂಡಿತ್ತು. ಬಂದೂಕಿನ ಲೆಕ್ಕ ಅವರು ಕೊಡಲಿ. ಅಲ್ಲಿನ ಜನರ ಬದುಕಿನ ಮಾತು ಬಂದಾಗ ಕಾಫಿಯ ಹೆಸರು ಬರುತ್ತದೆ. ಕಾಫಿ ಅಂದ ಮೇಲೆ ನಿಮ್ಮ ಹೆಸರು ಬರಲೇಬೇಕು.

ನಾನು ಸೂಪರ್ ಮಾರ್ಕೆಟ್ ಹತ್ತಿರ ಕಾಫಿ ಪುಡಿ ಅಂಗಡಿ ನಡೆಸುವವನು. ಇದು ಚಹಾ ಕುಡಿಯುವ ಊರು. ಇಲ್ಲಿ ಕಾಫಿ ಕೇಳಿಕೊಂಡು ಬರುವವರು ಉಡುಪಿ ಹೋಟೆಲಿನವರು, ಬ್ಯಾಂಕಿಗೆ ವರ್ಗವಾಗಿ ಬಂದವರು, ಯೂನಿವರ್ಸಿಟಿ ಮೇಷ್ಟ್ರುಗಳು, ಮತ್ತೆ ಈಚೆಗೆ ಮೊಬೈಲಲ್ಲಿ ವಿಡಿಯೊ ನೋಡಿ ಬರುವ ಹುಡುಗರು. ಹಸಿರು ಬೀಜ ತರಿಸುತ್ತೇನೆ, ಸಣ್ಣ ಡ್ರಮ್ಮಿನಲ್ಲಿ ಹುರಿಯುತ್ತೇನೆ, ಗಿರಾಕಿ ಎದುರೇ ಪುಡಿ ಮಾಡಿ ಕೊಡುತ್ತೇನೆ. ಚಿಕ್ಕಮಗಳೂರು, ಕೊಡಗಿನ ಬೀಜದ ಜೊತೆ ಕೆಲವು ವರ್ಷಗಳಿಂದ ಈ ಅರಕು ಇರುವ ಪೂರ್ವ ಘಟ್ಟದ ಬೀಜವನ್ನೂ ತರಿಸುತ್ತಿದ್ದೇನೆ. ಹೈದರಾಬಾದ್ ಮೇಲೆ ಚೀಲ ಬರುತ್ತದೆ. ನಮಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ ಅಲ್ವಾ.

ನನ್ನ ಮಾತು ಒಂದೇ. ಈ ಬೆಟ್ಟಗಳಲ್ಲಿ ಕಾಫಿ ಬೆಳೆಸುವ ಕೆಲಸವನ್ನು ಸಸಿ ಮತ್ತು ಎಕರೆ ಲೆಕ್ಕದಲ್ಲಿ ಅಳೆಯುವುದನ್ನು ಬಿಡಿ. ಕೆಂಪಗೆ ಹಣ್ಣಾದ ಕಾಫಿಯನ್ನು ಊರಲ್ಲೇ ತೂಗಿ, ಗುಣ ನೋಡಿ ರೇಟು ಕಟ್ಟಿ, ಅವತ್ತೇ ದುಡ್ಡು ಕೊಡುವ ಜಾಗ ಎಷ್ಟಿವೆ ಅಂತ ಎಣಿಸಿ. ಆ ಲೆಕ್ಕವನ್ನು ಪ್ರತಿ ಸುಗ್ಗಿಗೂ ಜನರ ಮುಂದಿಡಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಹುರಿದ ಬೀಜ ತಟ್ಟೆಯಲ್ಲಿ ಆರುವಾಗ ನೋಡಬೇಕು ನೀವು. ಹೆಚ್ಚಿನವು ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿರುತ್ತವೆ. ನಡುನಡುವೆ ಒಂದಷ್ಟು ಮಾತ್ರ ಬಿಳಿಚಿಕೊಂಡು ಹಾಗೇ ಉಳಿದಿರುತ್ತವೆ. ಉಳಿದವು ಹದಕ್ಕೆ ಬಂದರೂ ಇವು ಬಣ್ಣ ಬಿಡುವುದಿಲ್ಲ. ಬಾಯಿಗೆ ಹಾಕಿಕೊಂಡರೆ ಶೇಂಗಾ ಸಿಪ್ಪೆ ಅಗಿದ ಹಾಗೆ. ಅಂಥವು ಜಾಸ್ತಿ ಇದ್ದರೆ ಆ ಚೀಲದ ಕಾಫಿ ಸಪ್ಪೆ.

ನನ್ನ ಅಂಗಡಿಯಲ್ಲಿ ಬೀಜ ಆರಿಸಲು ಬರುವ ಹೆಣ್ಣುಮಗಳು ಶಹಾಪುರ ಕಡೆಯ ತಾಂಡಾದವಳು. ಮೊದಲು ಮನೆಮಂದಿ ಜೊತೆ ಗುಳೆ ಹೋಗುತ್ತಿದ್ದಳು. ಪುಣೆಯಲ್ಲಿ ಬಿಲ್ಡಿಂಗ್ ಕೆಲಸ ಮಾಡಿದ್ದಾಳೆ, ಕೊಡಗಿನ ತೋಟದಲ್ಲಿ ಹಣ್ಣನ್ನೂ ಬಿಡಿಸಿದ್ದಾಳೆ. ಪೂರ್ವ ಘಟ್ಟದ ಒಂದು ಚೀಲ ಹುರಿದ ದಿನ ತಟ್ಟೆಯೊಳಗೆ ಬೆರಳಾಡಿಸಿ ಹೇಳಿದಳು:

“ಅಣ್ಣಾರ, ಇವು ಹಸಿಕಾಯಿ ನೋಡ್ರಿ. ಟೊಂಗಿ ಹಿಡದು ಸರ್ರಂತ ಎಳದಾರ. ಹಣ್ಣು, ಕಾಯಿ ಎಲ್ಲಾ ಕೂಡೇ ಬಂದದ.”

“ಹಣ್ಣಾಗೂತನ ಯಾಕ ಕಾಯಲ್ಲವಾ?” ಎಂದೆ.

“ಕಾದ್ರ ಏನ್ ಜಾಸ್ತಿ ಕೊಡ್ತಾರೇನ್ರಿ? ಹಸೀದಕ್ಕೂ ಅಷ್ಟೇ, ಹಣ್ಣಿಗೂ ಅಷ್ಟೇ ಅಂದ್ರ ಯಾರ್ ಕಾಯ್ತಾರ?”

ನಿಮ್ಮ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ 1925ರಿಂದ ಇದೆ. ಅಲ್ಲಿಯವರಿಗೆ ನಾನು ಕಾಫಿ ಪಾಠ ಹೇಳುವ ಅಗತ್ಯವಿಲ್ಲ. ಓದುವ ನಮ್ಮೂರಿನವರಿಗಾಗಿ ಎರಡು ಮಾತು. ಕಾಫಿ ಹಣ್ಣು ಒಂದೇ ದಿನ ಮಾಗುವುದಿಲ್ಲ. ಒಂದೇ ಗೊಂಚಲಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವೆ. ಹಣ್ಣಾದದ್ದನ್ನು ಮಾತ್ರ ಬಿಡಿಸಬೇಕಾದರೆ ಒಂದೇ ಗಿಡಕ್ಕೆ ಮೂರು ನಾಲ್ಕು ಸಲ ಬರಬೇಕು. ಬಿಡಿಸಿದ ಹಣ್ಣನ್ನು ಅವತ್ತೇ ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ತೆಗೆಯಬೇಕು, ಆಮೇಲೆ ಲೋಳೆ ತೊಳೆದು ಒಣಗಿಸಬೇಕು. ತಡವಾದರೆ ಹಣ್ಣು ಹುಳಿಯುತ್ತದೆ. ಸುಮಾರು ಆರು ಕಿಲೊ ಹಣ್ಣಿಗೆ ಒಂದು ಕಿಲೊ ಹಸಿರು ಬೀಜ. ತೊಳೆದ ಅರೇಬಿಕಾಗೆ ವ್ಯಾಪಾರದಲ್ಲಿ ಪ್ಲಾಂಟೇಷನ್ ಅನ್ನುತ್ತಾರೆ. ಸಿಪ್ಪೆ ಸಮೇತ ಹಾಗೇ ಒಣಗಿಸಿದ್ದು ಚೆರಿ. ಎರಡರ ರೇಟಿನ ನಡುವೆ ಇರುವ ಅಂತರವೇ ಬೆಟ್ಟದ ರೈತನ ಲಾಭ, ಇಲ್ಲವೇ ನಷ್ಟ.

ಈಗ ಇದನ್ನು ಗಲಾಟೆಯ ಊರಿಗೆ ಇಟ್ಟು ನೋಡಿ. ಕತ್ತಲಾದ ಮೇಲೆ ಓಡಾಡುವಂತಿಲ್ಲ. ರಸ್ತೆ ಇಲ್ಲ, ಇದ್ದರೂ ತಡೆದು ನಿಲ್ಲಿಸಿ ಕೇಳುವವರು ಎರಡೂ ಕಡೆ. ಪಲ್ಪರ್ ಇರುವುದು ಹತ್ತಾರು ಕಿಲೊಮೀಟರ್ ಆಚೆ. ವಾರದ ಸಂತೆಗೆ ಬರುವ ದಲ್ಲಾಳಿ ಮಳೆಗಾಲದಲ್ಲೇ ಮುಂಗಡ ಕೊಟ್ಟು ಹೋಗಿರುತ್ತಾನೆ, ಅವನಿಗೇ ಕೊಡಬೇಕು. ಇಂಥ ಕಡೆ ಹಣ್ಣು ಆರಿಸಿ ಬಿಡಿಸಿ ಎಂದು ತರಬೇತಿ ಶಿಬಿರ ಮಾಡಿದರೆ ರೈತ ತಲೆಯಾಡಿಸುತ್ತಾನೆ, ಊಟ ಮಾಡಿಕೊಂಡು ಹೋಗುತ್ತಾನೆ. ಮಾರನೇ ದಿನ ಮತ್ತೆ ಸರ್ರಂತ ಎಳೆಯುತ್ತಾನೆ. ಅವನದೇನೂ ತಪ್ಪಿಲ್ಲ. ರೇಟು ಹಾಗೆ ಮಾಡಿಸುತ್ತದೆ.

ಈ ಬೆಟ್ಟಗಳಿಗೆ ಕಾಫಿ ಹೊಸದಲ್ಲ. ಪೂರ್ವ ಘಟ್ಟದ ಪಾಮುಲೇರು ಕಣಿವೆಗೆ 1898ರಲ್ಲೇ ಕಾಫಿ ಬಂದಿತ್ತು. 1960ರ ನಂತರ ಆಂಧ್ರದ ಅರಣ್ಯ ಇಲಾಖೆ ಕಾಡಿನಲ್ಲಿ ಕಾಫಿ ಹಾಕಿಸಿತು. ಆಗ ಗಿರಿಜನರು ಅಲ್ಲಿ ಕೂಲಿಗಳು. ಆಮೇಲೆ ನಿಮ್ಮ ಮಂಡಳಿ, ಪಾಡೇರಿನ ಸರ್ಕಾರಿ ಗಿರಿಜನ ಅಭಿವೃದ್ಧಿ ಸಂಸ್ಥೆ (ಐಟಿಡಿಎ), ಗಿರಿಜನ ಸಹಕಾರ ನಿಗಮ ಸೇರಿ ಅವರದೇ ತುಂಡು ಭೂಮಿಯಲ್ಲಿ ಗಿಡ ಹಾಕಿಸಿದವು. ಸಿಲ್ವರ್ ಓಕ್ ನೆರಳು, ಅದಕ್ಕೆ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ಕಾಡು ಸುಟ್ಟು ಬೇಸಾಯ ಮಾಡುವ ಪೋಡು ಇದರಿಂದ ಎಷ್ಟೋ ಕಡೆ ಕಡಿಮೆಯಾಯಿತು. ನಾಂದಿ ಫೌಂಡೇಶನ್ ಎಂಬ ಸೇವಾ ಸಂಸ್ಥೆ ರೈತರನ್ನು ಸಹಕಾರ ಸಂಘಕ್ಕೆ ಸೇರಿಸಿ, ಹಣ್ಣಿನ ಗುಣಕ್ಕೆ ತಕ್ಕ ಬೆಲೆ ಕಟ್ಟುವ ದಾರಿ ಹಿಡಿಯಿತು. 2017ರಲ್ಲಿ ಪ್ಯಾರಿಸ್‌ನಲ್ಲಿ ಅರಕು ಹೆಸರಿನ ಕಾಫಿ ಅಂಗಡಿ ತೆರೆಯಿತು. 2019ರಲ್ಲಿ ಅರಕು ಅರೇಬಿಕಾಗೆ ಜಿಐ ಟ್ಯಾಗ್, ಅಂದರೆ ಆ ಊರಿನ ಹೆಸರು ಅಲ್ಲಿನ ಬೆಳೆಗೇ ಸಲ್ಲಬೇಕು ಅನ್ನುವ ಸರ್ಕಾರಿ ಗುರುತು, ಬಂತು.

ಇಷ್ಟು ಹೇಳಿ ನಿಲ್ಲಿಸಿದರೆ ಚೆಂದದ ಕಥೆ. ಆದರೆ 2018ರ ಸೆಪ್ಟೆಂಬರ್ 23ರಂದು ಇದೇ ಅರಕು ಶಾಸಕ ಕಿಡಾರಿ ಸರ್ವೇಶ್ವರ ರಾವ್ ಮತ್ತು ಮಾಜಿ ಶಾಸಕ ಸಿವೇರಿ ಸೋಮ ಅವರನ್ನು ಮಾವೋವಾದಿಗಳು ಗುಂಡಿಟ್ಟು ಕೊಂದರು. ಪ್ಯಾರಿಸ್ ಅಂಗಡಿ ತೆರೆದು ಒಂದು ವರ್ಷ ಆಗಿತ್ತು ಅಷ್ಟೇ. ಅಂದರೆ ಕಾಫಿ ಮತ್ತು ಬಂದೂಕು ಒಂದೇ ಬೆಟ್ಟದಲ್ಲಿ ಒಟ್ಟಿಗೇ ಇದ್ದವು. ಕಾಫಿ ಹಾಕಿದರೆ ಶಾಂತಿ ತಾನಾಗಿ ಬರುತ್ತದೆ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. ಅಲ್ಲಿನ ಜಗಳ ಜಮೀನಿನದು, ಕಾಡಿನ ಹಕ್ಕಿನದು, ಬಾಕ್ಸೈಟ್ ಗಣಿಯದು. ಕಾಫಿ ಅದಕ್ಕೆಲ್ಲ ಔಷಧಿ ಅಲ್ಲ. ಅದು ಕೊಡುವುದು ಒಂದೇ: ವರ್ಷಕ್ಕೊಮ್ಮೆ ಕೈಗೆ ಬರುವ ದುಡ್ಡು, ಆ ದುಡ್ಡು ತರುವ ಗಿಡ ನಿಂತ ಜಮೀನನ್ನು ಬಿಟ್ಟು ಹೋಗದಿರಲು ಒಂದು ಕಾರಣ.

ಆ ದುಡ್ಡಿಗೆ ಇನ್ನೊಂದು ಪೈಪೋಟಿ ಇದೆ. ಗಾಂಜಾ.

2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಾಳಗಿ ತಾಲ್ಲೂಕಿನ ಕುರಿ ಫಾರ್ಮ್ ಒಂದರಲ್ಲಿ ಬೆಂಗಳೂರು ಪೊಲೀಸರು 1,350 ಕೆ.ಜಿ. ಗಾಂಜಾ ಹಿಡಿದರು. ಒಡಿಶಾ ಕಡೆಯಿಂದ ಬಂದದ್ದು ಅಂದರು. ಊರಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಆಂಧ್ರ-ಒಡಿಶಾ ಗಡಿಯ ಬೆಟ್ಟಗಳಲ್ಲಿ ಬೆಳೆಯುವ ಗಾಂಜಾ ದೇಶದ ಎಲ್ಲ ಕಡೆಗೂ ಹೋಗುತ್ತದೆ. ಆಂಧ್ರ ಪೊಲೀಸರು 2021ರಲ್ಲಿ ‘ಆಪರೇಷನ್ ಪರಿವರ್ತನ’ ಅಂತ ಮಾಡಿ ಸಾವಿರಾರು ಎಕರೆ ಗಾಂಜಾ ಕಡಿಸಿ ಸುಟ್ಟರು. ಆ ದಿಕ್ಕಿನಿಂದ ನಮ್ಮ ಹಳ್ಳಿಗಳಿಗೆ ಕಾಫಿಗಿಂತ ಮೊದಲು ಗಾಂಜಾ ಬಂತು ಅನ್ನುವುದು ನನಗೆ ಈಗಲೂ ಉರಿಯುವ ವಿಷಯ.

ಗಾಂಜಾ ಯಾಕೆ ಗೆಲ್ಲುತ್ತದೆ? ಕೊಳ್ಳುವವನು ಮನೆ ಬಾಗಿಲಿಗೆ ಬರುತ್ತಾನೆ. ಮುಂಗಡ ಕೊಡುತ್ತಾನೆ. ಬೆಳೆ ತಿಂಗಳುಗಳಲ್ಲಿ ಕೈಗೆ ಬರುತ್ತದೆ. ಕಾಫಿ ಗಿಡ ಮೊದಲ ಫಸಲು ಕೊಡುವುದಕ್ಕೇ ಮೂರು ನಾಲ್ಕು ವರ್ಷ. ಕೊಲಂಬಿಯಾದಲ್ಲೂ ಇದೇ ಕಥೆ. ಅಲ್ಲಿ ಕಾಫಿ ಬೆಳೆಗಾರರ ಒಕ್ಕೂಟ 1927ರಿಂದ ಇದೆ, ಹಳ್ಳಿ ಹಳ್ಳಿಗೂ ಅದರ ಖರೀದಿ ವ್ಯವಸ್ಥೆ ಇದೆ. ಹಾಗಿದ್ದೂ ರಸ್ತೆ ಇಲ್ಲದ ದೂರದ ಕಡೆಗಳಲ್ಲಿ ಕೊಕೇನ್ ತಯಾರಿಸುವ ಕೋಕಾ ಎಲೆ ಕಾಫಿಯನ್ನು ಹಿಂದೆ ಹಾಕಿತು. 2016ರಲ್ಲಿ ಫಾರ್ಕ್ ಬಂಡುಕೋರರ ಜೊತೆ ಶಾಂತಿ ಒಪ್ಪಂದ ಆಯಿತು, ಕೋಕಾ ಕಿತ್ತು ಬೇರೆ ಬೆಳೆ ಹಾಕಿ ಅಂತ ಯೋಜನೆ ಬಂತು. ಕೋಕಾ ಕಿತ್ತವರಲ್ಲಿ ಎಷ್ಟೋ ಮಂದಿ ಹೇಳಿದ ಹಣಕ್ಕಾಗಿ ಕಾದು ಕೂತರು. ಅಲ್ಲೂ ಅಷ್ಟೇ, ಇಲ್ಲೂ ಅಷ್ಟೇ. ಸರ್ಕಾರ ಕಂತಿನಲ್ಲಿ ಕೊಡುತ್ತದೆ, ಕಳ್ಳ ವ್ಯಾಪಾರಿ ಕೈಯಲ್ಲಿ ಕೊಡುತ್ತಾನೆ.

ಕಂತಿನ ದುಡ್ಡಿಗೆ ಕಾಯುವುದು ಅಂದರೇನು ಅಂತ ನಿಮ್ಮ ಮಂಡಳಿಗೇ ಚೆನ್ನಾಗಿ ಗೊತ್ತಿರಬೇಕು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನೆಲ್ಲ ಪೂಲ್‌ಗೆ, ಅಂದರೆ ಮಂಡಳಿಯ ಒಟ್ಟು ದಾಸ್ತಾನಿಗೆ ಒಪ್ಪಿಸಬೇಕಿತ್ತು. ದುಡ್ಡು ಬಿಡಿಬಿಡಿಯಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು. ಚಿಕ್ಕಮಗಳೂರಿನ ಹಳೇ ಬೆಳೆಗಾರರನ್ನು ಮಾತಿಗೆ ಎಳೆದರೆ ಈಗಲೂ ಅದರ ಬಗ್ಗೆ ಗಂಟೆಗಟ್ಟಲೆ ಹೇಳುತ್ತಾರೆ, ಪರವಾಗಿಯೂ ಹೇಳುತ್ತಾರೆ, ಬೈದೂ ಹೇಳುತ್ತಾರೆ.

ಇನ್ನು ರುವಾಂಡಾ. ನನಗೆ ಈ ವಿಷಯದಲ್ಲಿ ತುಂಬಾ ಹಿಡಿಸಿದ್ದು ಅದೇ, ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಬೆಲ್ಜಿಯಂ ಆಳುತ್ತಿದ್ದ ಕಾಲದಲ್ಲಿ ರುವಾಂಡಾದ ರೈತರು ಕಾಫಿಯನ್ನು ಬೆಳೆಯಲೇಬೇಕಿತ್ತು. ಸ್ವಾತಂತ್ರ್ಯ ಬಂದ ಮೇಲೂ ಗಿಡ ಕೀಳುವ ಹಾಗಿರಲಿಲ್ಲ. ದೇಶದ ರಫ್ತು ಹಣದ ದೊಡ್ಡ ಪಾಲು ಅದರಿಂದಲೇ. 1989ರಲ್ಲಿ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕು ಅಂತ ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದು ಬಿತ್ತು. ರೇಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಐದು ವರ್ಷಕ್ಕೆ, 1994ರಲ್ಲಿ, ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದರು. ಸತ್ತವರಲ್ಲಿ ಹೆಚ್ಚಿನವರು ಟುಟ್ಸಿ ಜನಾಂಗದವರು, ಕೊಂದವರು ಹುಟು ಜನಾಂಗದ ಉಗ್ರರು. ಕಾಫಿ ರೇಟು ಬಿದ್ದದ್ದೇ ಕಾರಣ ಅಂತ ನಾನು ಹೇಳುವುದಿಲ್ಲ, ಅದು ದ್ವೇಷವನ್ನು ಬೆಳೆಸಿದವರ ಕೆಲಸ. ಆದರೆ ಹೊಟ್ಟೆಗಿಲ್ಲದ ಊರಲ್ಲಿ ದ್ವೇಷಕ್ಕೆ ಆಳುಗಳು ಬೇಗ ಸಿಗುತ್ತಾರೆ.

ಹತ್ಯಾಕಾಂಡದ ನಂತರ ಗಿಡಗಳಿದ್ದವು, ನೋಡಿಕೊಳ್ಳುವವರು ಇರಲಿಲ್ಲ. ಗಂಡ ಸತ್ತವರು ಒಂದು ಕಡೆ, ಗಂಡ ಜೈಲಿನಲ್ಲಿದ್ದವರು ಇನ್ನೊಂದು ಕಡೆ. ಹಣ್ಣನ್ನು ಮನೆಯಲ್ಲೇ ಹೇಗೋ ಸಿಪ್ಪೆ ತೆಗೆದು ಒಣಗಿಸಿ ದಲ್ಲಾಳಿಗೆ ಕೊಡುತ್ತಿದ್ದರು. ಚೆನ್ನಾಗಿದ್ದರೂ ಒಂದೇ ರೇಟು, ಕೆಟ್ಟಿದ್ದರೂ ಒಂದೇ ರೇಟು. ದೇಶದ ದಕ್ಷಿಣದ ಮಾರಾಬಾ ಎಂಬಲ್ಲಿ 1999ರಲ್ಲಿ ರೈತರು ಸಂಘ ಕಟ್ಟಿಕೊಂಡರು. ಅಮೆರಿಕದ ನೆರವಿನ ಒಂದು ಯೋಜನೆ, ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯವರು, ರುವಾಂಡಾದ ಯೂನಿವರ್ಸಿಟಿಯವರು ಸೇರಿ 2001ರಲ್ಲಿ ಅವರಿಗೆ ಹಣ್ಣು ತೊಳೆಯುವ ಘಟಕ ಮಾಡಿಕೊಟ್ಟರು. ಕೆಂಪು ಹಣ್ಣು ಮಾತ್ರ ತಗೊಳ್ಳುತ್ತೇವೆ, ಜಾಸ್ತಿ ಕೊಡುತ್ತೇವೆ ಅಂದರು. ಅಷ್ಟೇ ಮಾಡಿದ್ದು. ವರ್ಷದೊಳಗೆ ಬ್ರಿಟನ್ ಮತ್ತು ಅಮೆರಿಕದ ಕೊಳ್ಳುವವರು ಬಂದರು. ದೇಶದಲ್ಲಿ ಬೆರಳೆಣಿಕೆಯಷ್ಟಿದ್ದ ತೊಳೆಯುವ ಘಟಕಗಳು ಮುಂದೆ ನೂರಾರು ಆದವು. 2008ರಲ್ಲಿ ಒಳ್ಳೆಯ ಕಾಫಿ ಆರಿಸುವ ‘ಕಪ್ ಆಫ್ ಎಕ್ಸಲೆನ್ಸ್’ ಸ್ಪರ್ಧೆ ಆಫ್ರಿಕಾದಲ್ಲಿ ಮೊದಲ ಸಲ ನಡೆದದ್ದು ಅದೇ ದೇಶದಲ್ಲಿ.

ಒಂದು ಘಟಕದ ಮುಂದೆ ಹಣ್ಣಿನ ಬುಟ್ಟಿ ಹಿಡಿದು ಸಾಲಲ್ಲಿ ನಿಲ್ಲುವಾಗ ಯಾರು ಟುಟ್ಸಿ, ಯಾರು ಹುಟು ಅಂತ ತಕ್ಕಡಿ ನೋಡುವುದಿಲ್ಲ. ಅವರ ಮನಸ್ಸು ಒಂದಾಯಿತು ಅಂತ ಬರೆಯಲು ನನಗೆ ಧೈರ್ಯವಿಲ್ಲ. ಅಣ್ಣನನ್ನು ಕೊಂದವನ ಹೆಂಡತಿ ಪಕ್ಕದಲ್ಲಿ ನಿಂತಿದ್ದರೆ ಮನಸ್ಸಲ್ಲಿ ಏನಿರುತ್ತದೋ ಯಾರಿಗೆ ಗೊತ್ತು. ಆದರೆ ಇಬ್ಬರಿಗೂ ಒಂದೇ ಸಂಘ, ಒಂದೇ ಘಟಕ. ಘಟಕ ನಡೆದರೆ ಇಬ್ಬರಿಗೂ ದುಡ್ಡು, ಮುಚ್ಚಿದರೆ ಇಬ್ಬರಿಗೂ ಇಲ್ಲ.

ಅಲ್ಲೂ ಎಡವಟ್ಟು ಆಗದೇ ಇರಲಿಲ್ಲ. ಕೆಲವು ಬೀಜದಲ್ಲಿ ಹಸಿ ಆಲೂಗಡ್ಡೆ ವಾಸನೆ ಬರುವ ಒಂದು ದೋಷ ಇಡೀ ದೇಶದ ಹೆಸರು ಕೆಡಿಸುತ್ತಿತ್ತು. ಒಂದು ತಿಗಣೆ ಜಾತಿಯ ಹುಳುವಿಗೂ ಅದಕ್ಕೂ ನಂಟಿದೆ ಅನ್ನುತ್ತಾರೆ. 2016ರಲ್ಲಿ ಸರ್ಕಾರ ರೈತರು ತಮ್ಮ ವಲಯದ ಘಟಕಕ್ಕೇ ಹಣ್ಣು ಮಾರಬೇಕು ಅಂತ ನಿಯಮ ತಂದಿತು. ಪಕ್ಕದ ಘಟಕದಲ್ಲಿ ರೇಟು ಜಾಸ್ತಿ ಇದ್ದರೂ ಹೋಗುವಂತಿಲ್ಲ. ಆಮೇಲೆ ಆ ನಿಯಮವನ್ನು ಬಿಡಬೇಕಾಯಿತು. ಅರಕು, ಬಸ್ತರ್‌ನಲ್ಲಿ ಇಂಥ ಬೇಲಿ ಹಾಕಬೇಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ. ಒಬ್ಬನೇ ಕೊಳ್ಳುವವನು ಇದ್ದರೆ ಅವನು ಸರ್ಕಾರದವನಾದರೂ ದಲ್ಲಾಳಿಯೇ.

ಯೆಮೆನ್ ಬಗ್ಗೆ ಒಂದೇ ಮಾತು. ನಮ್ಮ ನಾಡಿಗೆ ಕಾಫಿ ತಂದ ಬಾಬಾಬುಡನ್ ಏಳು ಬೀಜ ತಂದದ್ದು ಆ ಕಡೆಯಿಂದ ಅನ್ನುತ್ತಾರೆ. ರಾತ್ರಿಯೆಲ್ಲ ಜಪ ಮಾಡಲು ಯೆಮೆನ್‌ನ ಸೂಫಿಗಳು ಕುಡಿಯುತ್ತಿದ್ದದ್ದೇ ಕಾಫಿ. ಖ್ವಾಜಾ ಬಂದೇನವಾಜರ ದರ್ಗಾ ಇರುವ ಊರಿನವನಿಗೆ ಇದನ್ನು ಹೇಳದೆ ಇರಲು ಆಗುವುದಿಲ್ಲ. ಆ ಯೆಮೆನ್ ದಶಕಕ್ಕೂ ಹೆಚ್ಚು ಕಾಲದಿಂದ ಯುದ್ಧದಲ್ಲಿ ನರಳುತ್ತಿದೆ. ಅಲ್ಲಿ ಕಾಫಿ ಗಿಡದ ಜಾಗವನ್ನು ಖಾಟ್ ಎಂಬ ಅಮಲಿನ ಎಲೆ ಆಕ್ರಮಿಸಿದೆ. ಅದಕ್ಕೂ ದಿನಾ ಗಿರಾಕಿ, ದಿನಾ ದುಡ್ಡು.

ಹಾಗಾದರೆ ಕಲಬುರಗಿಯವನಿಗೆ ಇದೆಲ್ಲ ಯಾಕೆ? ಕೇಳಬಹುದು ನೀವು.

ಗಲಾಟೆ ಮುಗಿದ ಮೇಲೆ ಏನಾಗುತ್ತದೆ ಅಂತ ನಮ್ಮ ಕಡೆಯ ಹಿರಿಯರಿಗೆ ಗೊತ್ತು. 1948ರಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಪರದ ರಜಾಕಾರರು ಮಾಡಿದ ಕೊಲೆಗಳ ಮಾತು ಇವತ್ತಿಗೂ ಊರವರ ಬಾಯಲ್ಲಿದೆ. ನಿಜಾಮನ ರಾಜ್ಯವನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆ ನಂತರ ಏನೂ ಮಾಡದ ಮುಸ್ಲಿಂ ಕುಟುಂಬಗಳೂ ಜೀವ, ಮನೆ ಕಳೆದುಕೊಂಡವು. ಪಂಡಿತ್ ಸುಂದರಲಾಲ್ ಸಮಿತಿ ಅದನ್ನು ನೋಡಿ ವರದಿ ಕೊಟ್ಟಿತ್ತು. ಸೆಪ್ಟೆಂಬರ್ 17ಕ್ಕೆ ನಾವು ಈಗ ಧ್ವಜ ಹಾರಿಸುತ್ತೇವೆ, ಭಾಷಣ ಕೇಳುತ್ತೇವೆ. ಆದರೆ ಆ ವರ್ಷ ಬಿತ್ತನೆ ತಪ್ಪಿದ ಹೊಲಗಳ ಲೆಕ್ಕ, ಊರು ಬಿಟ್ಟ ನೇಕಾರರ, ಕಮ್ಮಾರರ ಲೆಕ್ಕ ಯಾವ ಭಾಷಣದಲ್ಲೂ ನಾನು ಕೇಳಿಲ್ಲ. ಬಸ್ತರ್‌ನವರಿಗೆ ಹಾಗಾಗಬಾರದು.

ಇನ್ನೊಂದು ಕಾರಣ ತೊಗರಿ. ಅರಕು ಕಾಫಿಗೆ ಜಿಐ ಬಂದ 2019ರಲ್ಲೇ ನಮ್ಮ ಕಲಬುರಗಿ ತೊಗರಿ ಬೇಳೆಗೂ ಬಂತು. ಪೇಪರಿನಲ್ಲಿ ಫೋಟೊ ಬಂತು. ನಮ್ಮ ಗಂಜ್ ಮಾರುಕಟ್ಟೆಗೆ ಜನವರಿಯಲ್ಲಿ ಬಂದು ನೋಡಿ. ರೈತ ತಂದ ಚೀಲಕ್ಕೆ ಜಿಐ ಅಂತ ಯಾರೂ ಒಂದು ರೂಪಾಯಿ ಜಾಸ್ತಿ ಹಾಕುವುದಿಲ್ಲ. ಎರೆ ಭೂಮಿಯ ತೊಗರಿಯೂ ಅಷ್ಟೇ, ಬೇರೆ ಕಡೆಯಿಂದ ಬಂದದ್ದೂ ಅಷ್ಟೇ. ಸುಂಕವಿಲ್ಲದೆ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ತೊಗರಿ ಇಳಿದರೆ 2025-26ಕ್ಕೆ ಕೇಂದ್ರ ಘೋಷಿಸಿದ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಕಾಗದದಲ್ಲಿ ಉಳಿಯುತ್ತದೆ. (ಮ್ಯಾನ್ಮಾರ್‌ನ ರೈತನೂ ಯುದ್ಧದ ನಡುವೆ ಬಿತ್ತುವವನೇ. ಅವನ ಮೇಲೆ ನನಗೆ ಸಿಟ್ಟಿಲ್ಲ.) ಹೆಸರು ಸಿಕ್ಕ ಮಾತ್ರಕ್ಕೆ ರೇಟು ಸಿಗುವುದಿಲ್ಲ ಅನ್ನುವುದನ್ನು ನಾವು ನೋಡಿ ಆಗಿದೆ. ಆದ್ದರಿಂದ ಕೊರಾಪುಟ್ ಕಾಫಿ, ಬಸ್ತರ್ ಕಾಫಿ ಅಂತ ಚೆಂದದ ಪ್ಯಾಕೆಟ್ ಬಂದಾಗ ನನಗೆ ಖುಷಿಯ ಜೊತೆ ಅನುಮಾನವೂ ಆಗುತ್ತದೆ.

ಬಸ್ತರ್‌ನ ದರ್ಭಾದಲ್ಲಿ 2017ರ ಹೊತ್ತಿಗೆ ಜಗದಲಪುರದ ತೋಟಗಾರಿಕೆ ಕಾಲೇಜಿನವರು ಸಣ್ಣ ಪ್ರಮಾಣದಲ್ಲಿ ಕಾಫಿ ಹಾಕಿಸಿದರು. 2013ರ ಮೇ 25ರಂದು ಜೀರಂ ಘಾಟಿಯಲ್ಲಿ ರಾಜಕೀಯ ನಾಯಕರ ವಾಹನಗಳ ಮೇಲೆ ದಾಳಿ ನಡೆದದ್ದು ಅದೇ ದರ್ಭಾ ಕಣಿವೆ. ಅಲ್ಲಿ ಗಿಡ ಚಿಗುರಿದ್ದು ಸಣ್ಣ ಮಾತಲ್ಲ. ಈಗ ಅಲ್ಲಿ ಎಕರೆ ಹೆಚ್ಚಿಸಬೇಕು ಅಂತ ಉಮೇದಿದೆ. ನನ್ನ ಕೋರಿಕೆ, ಮೊದಲು ಪಲ್ಪರ್ ಮತ್ತು ನೀರು. ದೊಡ್ಡ ಕಾರ್ಖಾನೆ ಬೇಡ. ಕೈಯಿಂದ ತಿರುಗಿಸುವ ಪಲ್ಪರ್ ಒಂದು, ತೊಳೆಯಲು ತೊಟ್ಟಿ ಒಂದು, ಒಣಗಿಸಲು ನೆಲದಿಂದ ಮೇಲೆತ್ತಿದ ಬಲೆಯ ಮಂಚ, ಒಂದು ತಕ್ಕಡಿ. ಇದನ್ನು ನಾಲ್ಕೈದು ಊರಿನ ಹೆಂಗಸರ ಸಂಘಕ್ಕೆ ಕೊಡಿ, ದುಡ್ಡು ಅವರ ಖಾತೆಗೇ ಹೋಗಲಿ. ಬಿಡಿಸುವವರೂ ಆರಿಸುವವರೂ ಅವರೇ ತಾನೇ. ತೊಳೆದ ನೀರು ಹಳ್ಳಕ್ಕೆ ಹೋಗದಂತೆ ಒಂದು ಗುಂಡಿಯನ್ನೂ ಮಾಡಿಸಿ, ಇಲ್ಲದಿದ್ದರೆ ಕೆಳಗಿನ ಊರಿನವರ ಜೊತೆ ಹೊಸ ಜಗಳ.

ಬೆಳಿಗ್ಗೆ ಆ ಘಟಕದ ಮುಂದೆ ಬೋರ್ಡಿನಲ್ಲಿ ಅವತ್ತಿನ ರೇಟು ಬರೆಯಿರಿ. ತೆಲುಗು, ಒಡಿಯಾ, ಹಿಂದಿಯಲ್ಲಿ ಬರೆದು, ಕುವಿ, ಗೊಂಡಿ ಮಾತಾಡುವವರಿಗೆ ಅವರ ಮಾತಿನಲ್ಲೇ ಓದಿ ಹೇಳಿ. ಕೆಂಪು ಹಣ್ಣಿಗೆ ಇಷ್ಟು, ಕಾಯಿ ಸೇರಿದ್ದಕ್ಕೆ ಇಷ್ಟು. ಮಳೆಗಾಲದಲ್ಲಿ ದಲ್ಲಾಳಿ ಕೊಡುವ ಮುಂಗಡಕ್ಕೆ ಬದಲಾಗಿ ಸಂಘದ ಮೂಲಕ ಸಣ್ಣ ಸಾಲ ಸಿಗಲಿ. ಈ ಒಂದು ಕೆಲಸ ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಯಾಕೆಂದರೆ ಜೂನ್‌ನಲ್ಲಿ ಅಕ್ಕಿಗೆ ಸಾಲ ಮಾಡಿದವನು ಡಿಸೆಂಬರ್‌ನಲ್ಲಿ ಯಾರಿಗೆ ಮಾರಬೇಕು ಅನ್ನುವುದು ಜೂನ್‌ನಲ್ಲೇ ತೀರ್ಮಾನ ಆಗಿರುತ್ತದೆ.

ಯುರೋಪಿನ ಕಾಗದಪತ್ರದ ಕಾಟವೂ ಬರುತ್ತಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ, ಪ್ರತಿ ತೋಟದ ಗುರುತು ಕೊಡಿ ಅನ್ನುವ ಕಾನೂನು ಅವರು ಮಾಡಿದ್ದಾರೆ. ಜಾರಿ ಎರಡು ಸಲ ಮುಂದಕ್ಕೆ ಹೋಗಿದೆ, ಆದರೆ ಮತ್ತೆ ಮುಂದಕ್ಕೆ ಹೋಗೇ ಹೋಗುತ್ತದೆ ಅಂತ ಕೂರುವಂತಿಲ್ಲ. ನಮ್ಮ ಕಾಫಿ ರಫ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುವುದು ಅಲ್ಲಿಗೇ. ಎಸ್ಟೇಟ್ ಮಾಲೀಕರಿಗೆ ಗುಮಾಸ್ತರಿದ್ದಾರೆ. ಕಾಡಿನೊಳಗೆ ಅರ್ಧ ಎಕರೆ ಇರುವವನಿಗೆ ಯಾರಿದ್ದಾರೆ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಟ್ಟಾ ಸಿಕ್ಕವರನ್ನು ಮೊದಲು ನೋಂದಾಯಿಸಿ. ಸಿಗದವರ ಅರ್ಜಿ ಯಾವ ಮೇಜಿನ ಮೇಲಿದೆ ಅಂತ ಕೇಳುವ ಹಕ್ಕು ನಿಮಗೂ ಇದೆ, ಅಲ್ವಾ? ಜಮೀನು ಯಾರದ್ದು ಅಂತ ಗೊತ್ತಿಲ್ಲದ ಕಡೆ ನಾಲ್ಕು ವರ್ಷ ಕಾಯುವ ಗಿಡವನ್ನು ಯಾರು ನೆಡುತ್ತಾರೆ.

2025ರಲ್ಲಿ ಅರಕು ಕಣಿವೆಗೂ ಕಾಯಿಕೊರಕ ಹುಳು ಬಂತು. ಕೊಡಗಿನವರಿಗೆ ಅದರ ಜೊತೆ ಹೋರಾಡಿ ಅಭ್ಯಾಸ ಇದೆ, ಅರಕಿನವರಿಗೆ ಇಲ್ಲ. ಬಿದ್ದ ಕಾಯಿ ಆರಿಸಿ ಸುಡುವುದು, ಗಿಡದಲ್ಲಿ ಒಂದೂ ಕಾಯಿ ಉಳಿಸದಂತೆ ಬಿಡಿಸುವುದು ಕೈಕೆಲಸ. ಇದಕ್ಕೆ ಕೊಡಗು, ಚಿಕ್ಕಮಗಳೂರಿನ ಅನುಭವದ ಮೇಸ್ತ್ರಿಗಳನ್ನು ಸುಗ್ಗಿ ಮುಗಿದ ಮೇಲೆ ಅಲ್ಲಿಗೆ ಕಳಿಸಬಹುದು. ಪಿಪಿಟಿ ತೋರಿಸುವವರಿಗಿಂತ ಅವರು ಉತ್ತಮ.

ಮತ್ತೆ ಒಂದು ಎಚ್ಚರಿಕೆ. 2025ರ ಆರಂಭದಲ್ಲಿ ಕಾಫಿ ರೇಟು ದಾಖಲೆ ಮುಟ್ಟಿತು. ನನ್ನ ಗಿರಾಕಿಗಳು ಮುಖ ಗಂಟು ಹಾಕಿಕೊಂಡು ಕಾಲು ಕಿಲೊಗೆ ಇಳಿದರು. ಇಂಥ ಹೊತ್ತಲ್ಲಿ ಎಲ್ಲರಿಗೂ ಕಾಫಿ ಹಾಕಿಸಿ ಅನ್ನುವ ಹುರುಪು ಏಳುತ್ತದೆ. ರೇಟು ಇಳಿಯುವ ದಿನವೂ ಬರುತ್ತದೆ. ನಮ್ಮಲ್ಲಿ ಜೋಳ ಕಿತ್ತು ಹತ್ತಿ ಹಾಕಿದವರು ರೇಟು ಬಿದ್ದ ವರ್ಷ ಜೋಳವನ್ನು ಅಂಗಡಿಯಲ್ಲಿ ಕೊಂಡು ತಿಂದರು. ಬೆಟ್ಟದವರ ರಾಗಿ, ಸಾಮೆ, ಭತ್ತದ ಜಾಗಕ್ಕೆ ಕಾಫಿ ಹೋಗದಿರಲಿ. ಮೆಣಸಿನ ಬಳ್ಳಿ ಇರಲಿ, ಹಲಸು ಇರಲಿ.

ನಮ್ಮ ರಾಜ್ಯದ ಮಾತನ್ನೂ ಮರೆಯಬೇಡಿ. 2025ರ ಜನವರಿಯಲ್ಲಿ ಆರು ಜನ ನಕ್ಸಲರು ಮುಖ್ಯಮಂತ್ರಿಗಳ ಮುಂದೆ ಶರಣಾದರು. ಅವರು ಓಡಾಡಿದ ಕಾಡು ಮಲೆನಾಡು, ನಿಮ್ಮ ಬಾಳೆಹೊನ್ನೂರಿಗೆ ದೂರವೇನಲ್ಲ. ಅಲ್ಲಿನ ಕಾಡಂಚಿನ ಸಣ್ಣ ಹಿಡುವಳಿಯವರಿಗೂ ಪಲ್ಪರ್, ರೇಟಿನ ಬೋರ್ಡು ಬೇಕೇ ಬೇಕು.

ಓದುತ್ತಿರುವ ಕಲಬುರಗಿಯವರೇ, ಯಾದಗಿರಿ, ಬೀದರ್‌ನವರೇ, ನಿಮಗೊಂದು ಮಾತು. ಚಹಾ ಬಿಡಿ ಅಂತ ನಾನು ಹೇಳಲ್ಲ, ಹೇಳಿದರೆ ಮನೆಯಲ್ಲೇ ಒದೆ ಬೀಳುತ್ತದೆ. ವಾರಕ್ಕೊಮ್ಮೆ ಕಾಫಿ ಕುಡಿಯುವುದಾದರೆ ಪ್ಯಾಕೆಟ್ಟಿನ ಹಿಂದೆ ಯಾವ ಊರಿನ ಬೀಜ ಅಂತ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ ಅಂಗಡಿಯವನನ್ನು ಕೇಳಿ. ನನ್ನನ್ನೂ ಕೇಳಿ. ಚಿಕೋರಿ ಎಷ್ಟು ಸೇರಿಸಿದ್ದೀರಿ ಅಂತಲೂ ಕೇಳಿ, ನಾಚಬೇಡಿ.

ಮಂಡಳಿಯವರೇ, ಚೀಲದ ಮೇಲೆ ಘಟಕದ ಹೆಸರು, ರೈತರಿಗೆ ಕಿಲೊ ಹಣ್ಣಿಗೆ ಕೊಟ್ಟ ರೇಟು, ಈ ಎರಡನ್ನು ಬರೆಯುವ ವ್ಯವಸ್ಥೆ ಮಾಡಿ. ಅಂಥ ಬೀಜ ಕಲಬುರಗಿಗೆ ಬಂದರೆ ಸ್ವಲ್ಪ ಜಾಸ್ತಿ ಕೊಟ್ಟೇ ಕೊಳ್ಳುತ್ತೇನೆ, ಆ ಚೀಟಿಯನ್ನು ಅಂಗಡಿ ಗೋಡೆಗೆ ಅಂಟಿಸುತ್ತೇನೆ. ನನ್ನಂಥ ಸಣ್ಣ ಹುರಿಯುವವರು ಹುಬ್ಬಳ್ಳಿ, ಬಳ್ಳಾರಿ, ದಾವಣಗೆರೆಯಲ್ಲೂ ಇದ್ದಾರೆ. ನಮಗೆ ಒಂದೊಂದು ಚೀಲದ ಲೆಕ್ಕದಲ್ಲಿ ಕೊಳ್ಳಲು ದಾರಿ ಮಾಡಿಕೊಡಿ, ಲಾರಿಗಟ್ಟಲೆ ಕೊಳ್ಳುವ ತಾಕತ್ತು ನಮಗಿಲ್ಲ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಕನ್ನಡದಲ್ಲಿ ಬರೆಯಿರಿ. ನೀವು ಕೇಂದ್ರ ಸರ್ಕಾರದವರಾದರೂ ಕೂತಿರುವುದು ಬೆಂಗಳೂರಿನಲ್ಲೇ ಅಲ್ವಾ. ಉತ್ತರದಲ್ಲಿ ಎಷ್ಟು ಲಕ್ಷ ಸಸಿ ಕೊಟ್ಟಿರಿ ಅಂತ ಬೇಡ. ಕಳೆದ ಸುಗ್ಗಿಯಲ್ಲಿ ದರ್ಭಾದಲ್ಲಿ, ಚಿಂತಪಲ್ಲಿಯಲ್ಲಿ, ಕೊರಾಪುಟ್‌ನಲ್ಲಿ ಒಂದು ಕಿಲೊ ಕೆಂಪು ಹಣ್ಣಿಗೆ ರೈತನ ಕೈಗೆ ಎಷ್ಟು ಬಂತು, ಎಷ್ಟು ದಿನಕ್ಕೆ ಬಂತು, ಅಷ್ಟು ಬರೆದರೆ ಸಾಕು.

ಇಂತಿ,
ಕಲಬುರಗಿಯ ಒಬ್ಬ ಕಾಫಿ ಪುಡಿ ವ್ಯಾಪಾರಿ